ಒಂಟಿಕಾಲಿನ ತಪಸ್ಸು

ಕಾಲು ಉಳುಕುವುದೆಂದರೆ ಹುಣಸೆಹಣ್ಣು ಉಪ್ಪಿನ ಪಟ್ಟಿನಿಂದಲೋ, ಬಲ್ಲವರೊಬ್ಬರು ಎಣ್ಣೆ ಹಚ್ಚಿ ನೀವುವುದರಿಂದಲೋ ನಾಲ್ಕು ದಿನಗಳಲ್ಲಿ ತೀರಿಹೋಗುವ ಅಲ್ಪಬಾಧೆಯೆಂಬ ಭಾವನೆ ನಮ್ಮಲ್ಲಿ ಬಹುಕಾಲದಿಂದ ರೂಢಮೂಲವಾಗಿದೆ. ಪ್ರಾಚೀನರು ಇದನ್ನು ಅಷ್ಟು ಲಘುವಾಗಿ ಕಂಡವರಲ್ಲ. ಸುಶ್ರುತಸಂಹಿತೆಯ ಶಾರೀರಸ್ಥಾನವು ಎಣಿಸುವ 107 ಮರ್ಮಗಳಲ್ಲಿ ಪಾದವೂ ಜಂಘೆಯೂ ಕೂಡುವೆಡೆಯಾದ ಗುಲ್ಫವೂ ಸೇರಿದೆ. ಅದನ್ನು ‘ರುಜಾಕರ’ವೆಂಬ, ಎಂದರೆ ನೋವನ್ನು ತರುವ ಮರ್ಮಗಳ ವರ್ಗದಲ್ಲಿಟ್ಟು, ಅಲ್ಲಿ ಪೆಟ್ಟಾದರೆ ವೇದನೆಯೋ ಪಾದದ ಸ್ತಬ್ಧತೆಯೋ ಕುಂಟುತನವೋ ಉಂಟಾಗುವುದೆಂದು ಗ್ರಂಥವು ಎಚ್ಚರಿಸಿದೆ.

ನೋವು ಶಮನವಾದ ಮೇಲೆಯೂ ಉಳಿಯುವ ಒಂದು ದೋಷವುಂಟು. ಚೆಂಡಿಗಾಗಿ ನೆಗೆದ ಆಟಗಾರನು ಮತ್ತೊಬ್ಬನ ಪಾದದ ಮೇಲೆ ಇಳಿದು, ಅಂಗಾಲು ಒಳಮುಖವಾಗಿ ಹೊರಳಿ, ಗುಲ್ಫದ ಹೊರಮಗ್ಗುಲಿನ ಅಸ್ಥಿರಜ್ಜು ಹರಿಯುತ್ತದೆ. ಊತ ಇಳಿಯುತ್ತದೆ, ಅವನು ಮತ್ತೆ ಓಡುತ್ತಾನೆ. ಆದರೆ ತಿಂಗಳುಗಳು ಕಳೆದ ಮೇಲೆಯೂ, ಸಮತಟ್ಟಾದ ನೆಲದಲ್ಲಿಯೇ, ಅಕಾರಣವಾಗಿ ಕಾಲು ಕೈಕೊಡುತ್ತದೆ. ಹೀಗೆ ಮರಳಿ ಮರಳಿ ಉಳುಕುವ ಕಾಲಿನ ಚಿಕಿತ್ಸೆಯ ಇತಿಹಾಸವೆಂದರೆ, ಸ್ಥೂಲವಾಗಿ ಹೇಳುವುದಾದರೆ, ಕಟ್ಟುವುದರಿಂದ ಕಲಿಸುವುದರೆಡೆಗೆ ವೈದ್ಯರ ಬುದ್ಧಿ ಸಾಗಿಬಂದ ಇತಿಹಾಸವೇ.

ಮೊದಲು ಕಟ್ಟುವುದೇ ಪರಮೋಪಾಯವಾಗಿತ್ತು. ನ್ಯೂಯಾರ್ಕಿನ ವೈದ್ಯ ವರ್ಜಿಲ್ ಗಿಬ್ನಿ 1895ರಲ್ಲಿ, ಉಳುಕಿದ ಕಾಲಿಗೆ ಅಂಟುಪಟ್ಟಿಗಳನ್ನು ಒಂದರ ಮೇಲೊಂದು ಹೆಣೆದಂತೆ ಬಿಗಿದು, ಊರುಗೋಲಿನ ಹಂಗಿಲ್ಲದೆ ರೋಗಿಯನ್ನು ನಡೆಯಿಸುವ ವಿಧಾನವನ್ನು ಪ್ರಕಟಿಸಿದನು. 1960ರ ದಶಕದಲ್ಲಿ ಸ್ವೀಡನ್ನಿನ ಲೆನ್ನಾರ್ಟ್ ಬ್ರೋಸ್ಟ್ರೋಮ್ ಇನ್ನೂ ಆಳಕ್ಕಿಳಿದು, ಹರಿದ ರಜ್ಜುವನ್ನೇ ಹೊಲಿದು ಸರಿಪಡಿಸುವ ಶಸ್ತ್ರಕ್ರಿಯೆಯನ್ನು ರೂಪಿಸಿದನು. ಅವನ ಹೆಸರಿನ ಆ ಕ್ರಿಯೆ ಇಂದಿಗೂ ಬಳಕೆಯಲ್ಲಿದೆ. ಪಟ್ಟಿಯಾಗಲಿ ಹೊಲಿಗೆಯಾಗಲಿ, ಎರಡರ ಹಿಂದೆಯೂ ಇದ್ದ ಕಲ್ಪನೆಯೊಂದೇ: ಸಂಧಿಯೆಂಬುದು ಬಾಗಿಲಿನ ತಿರುಗುಣಿಯಂತೆ, ಸಡಿಲವಾದರೆ ಬಿಗಿಯಬೇಕು.

ಈ ಕಲ್ಪನೆಯನ್ನು ಅಲುಗಿಸಿದವನು ಆಂಗ್ಲ ಶಸ್ತ್ರವೈದ್ಯ ಎಂ. ಎ. ಆರ್. ಫ್ರೀಮನ್. ಕೈಕೊಡುವ ಕಾಲುಗಳೆಲ್ಲ ಸಡಿಲವಾದವುಗಳಲ್ಲವೆಂಬುದನ್ನು ಗಮನಿಸಿದ ಅವನು, ಸಹೋದ್ಯೋಗಿಗಳೊಡನೆ 1965ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ರಜ್ಜು ಹರಿದಾಗ ಅದರೊಳಗಿನ ಸೂಕ್ಷ್ಮ ನರತಂತುಗಳೂ ಹರಿಯುವುದರಿಂದ, ಪಾದವಿರುವ ನೆಲೆಯ ವಾರ್ತೆ ಸ್ನಾಯುಗಳಿಗೆ ಸಕಾಲದಲ್ಲಿ ಮುಟ್ಟದೆ ಹೋಗುವುದೆಂದು ವಾದಿಸಿದನು. ಕಣ್ಣಿನ ನೆರವಿಲ್ಲದೆ ಅಂಗಾಂಗಗಳ ನೆಲೆಯನ್ನು ದೇಹವು ತಾನೇ ಅರಿಯುವ ಈ ಸಂವೇದನೆಗೆ ಆಂಗ್ಲ ಶರೀರಕ್ರಿಯಾವಿಜ್ಞಾನಿ ಷೆರಿಂಗ್ಟನ್ 1906ರಷ್ಟು ಹಿಂದೆಯೇ ಹೆಸರಿಟ್ಟಿದ್ದನು; ಹತ್ತೊಂಬತ್ತನೆಯ ಶತಮಾನದ ಬರ್ಲಿನ್ನಿನಲ್ಲಿ ವೈದ್ಯ ರೋಂಬರ್ಗನು, ರೋಗಿ ಕಾಲುಗಳನ್ನು ಜೋಡಿಸಿ ಕಣ್ಣುಮುಚ್ಚಿ ನಿಂತಾಗ ತೂರಾಡುವನೇ ಎಂದು ನೋಡಿ ಅದರ ಲೋಪವನ್ನು ಪರೀಕ್ಷಿಸುತ್ತಿದ್ದನು. ಫ್ರೀಮನ್ ಆ ಪರೀಕ್ಷೆಯನ್ನು ಒಂಟಿಕಾಲಿಗೆ ಇಳಿಸಿದನು. ಅದರ ಜೊತೆಗೆ, ಮೊದಲು ಒಂದೇ ದಿಕ್ಕಿಗೆ ತೂಗುವ ಹಲಗೆಯ ಮೇಲೆಯೂ, ಬಳಿಕ ಗೋಲಖಂಡದ ಮೇಲೆ ಕೂರಿಸಿದ, ಎಲ್ಲ ದಿಕ್ಕುಗಳಿಗೂ ಓಲಾಡುವ ಹಲಗೆಯ ಮೇಲೆಯೂ ಗಾಯಾಳುಗಳನ್ನು ನಿಲ್ಲಿಸಿ, ಸಮತೋಲವನ್ನು ಅಭ್ಯಾಸ ಮಾಡಿಸಿದನು. ಹೀಗೆ ಅಭ್ಯಾಸ ಮಾಡಿದವರಲ್ಲಿ ಕಾಲು ಕೈಕೊಡುವುದು ವಿರಳವಾಯಿತು.

ಹಲಗೆ ಅಲ್ಲಿಂದ ಆಟದ ಬಯಲಿಗೆ ಬಂದಿತು. 1980ರ ದಶಕದಲ್ಲಿ ಸ್ವೀಡನ್ನಿನ ಹಾನ್ಸ್ ಟ್ರಾಪ್ ಫುಟ್‌ಬಾಲ್ ಆಟಗಾರರ ಒಂಟಿಕಾಲಿನ ಓಲಾಟವನ್ನು ಯಂತ್ರದಿಂದ ಅಳೆದನು. ಹಿಂದೆ ಉಳುಕಿದ್ದವರಿಗೆ ಇಂಥ ಅಭ್ಯಾಸದಿಂದ ರಕ್ಷಣೆ ದೊರೆಯುವುದನ್ನೂ ತೋರಿಸಿದನು. ಅಷ್ಟರಲ್ಲಿ ಸಿದ್ಧಾಂತಕ್ಕೇ ಕುತ್ತು ಬಂದಿತು. 1993ರಲ್ಲಿ ಡೆನ್ಮಾರ್ಕಿನ ಕೊನ್ರಾಡ್ಸೆನ್ ಮತ್ತು ಸಂಗಡಿಗರು ಆ ರಜ್ಜುಗಳನ್ನು ಅರಿವಳಿಕೆಯಿಂದ ಮರಗಟ್ಟಿಸಿ ನೋಡಲು, ತಾನಾಗಿ ಆಡಿಸುವ ಪಾದದ ನೆಲೆಯರಿವು ಕುಂದಲಿಲ್ಲ, ಥಟ್ಟನೆ ಹೊರಳಿದ ಪಾದವನ್ನು ತಡೆಯಹೊರಡುವ ಸ್ನಾಯುಗಳ ಪ್ರತಿಕ್ರಿಯೆಯೂ ತಡವಾಗಲಿಲ್ಲ. ಸುದ್ದಿಯನ್ನು ಒಯ್ಯುವವರು ರಜ್ಜುಗಳೊಂದೇ ಅಲ್ಲವೆಂದಾಯಿತು. ಕಾರಣ ಶಿಥಿಲವಾದರೂ ಉಪಾಯ ಶಿಥಿಲವಾಗಲಿಲ್ಲ. 2001–02ರ ಋತುವಿನಲ್ಲಿ ಹಾಲೆಂಡಿನ ವಾಲಿಬಾಲ್ ತಂಡಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ವೆರ್ಹಾಗೆನ್ ಮತ್ತು ಸಂಗಡಿಗರ ಪರೀಕ್ಷೆಯಲ್ಲಿ ಹಲಗೆಯ ಅಭ್ಯಾಸವು ಉಳುಕುಗಳನ್ನು ಕಡಮೆಮಾಡಿತು. ಆದರೆ ಆ ಫಲ ಒದಗಿದ್ದು ಮೊದಲೊಮ್ಮೆ ಕಾಲು ಉಳುಕಿದ್ದವರಿಗೆ ಮಾತ್ರ. ಗಾಯವಾಗದ ಕಾಲಿಗೆ ಈ ಪಾಠ ಹೊಸದೇನನ್ನೂ ಕಲಿಸಲಿಲ್ಲವೆಂದರೆ, ಗಾಯಗೊಂಡ ಕಾಲು ಯಾವುದೋ ಒಂದನ್ನು ಮರೆತಿತ್ತೆಂದೇ ಅರ್ಥವಷ್ಟೆ.

ಇಂದು ಹೊರಗಾಲಿನ ಸ್ನಾಯುಗಳಿಗೆ ರಬ್ಬರ್ ಪಟ್ಟಿಯ ಎಳೆತ, ಒಂಟಿಕಾಲಿನಲ್ಲಿ ನೆಗೆದು ಅಲುಗದೆ ನಿಲ್ಲುವುದು, ನಿಂತ ಕಾಲನ್ನು ಕದಲಿಸದೆ ಇನ್ನೊಂದನ್ನು ಎಂಟು ದಿಕ್ಕುಗಳಿಗೂ ಚಾಚುವುದು ಮೊದಲಾದುವು ಈ ಶಿಕ್ಷಣಕ್ಕೆ ಸೇರಿಕೊಂಡಿವೆ. ಮೂಲಪಾಠ ಮಾತ್ರ ಬದಲಾಗಿಲ್ಲ. ಪುರಾಣದ ತಪಸ್ವಿಗಳು ವರಕ್ಕಾಗಿ ಒಂಟಿಕಾಲಿನಲ್ಲಿ ನಿಂತರೆಂದು ಕೇಳುತ್ತೇವೆ; ತಾಲೀಮಿನ ಕೋಣೆಯ ಮೂಲೆಯಲ್ಲಿ, ಓಲಾಡುವ ಹಲಗೆಯ ಮೇಲೆ, ಕಣ್ಣುಮುಚ್ಚಿ ಒಂಟಿಕಾಲಿನಲ್ಲಿ ನಿಂತಿರುವ ಆಟಗಾರನು ಬೇಡುವ ವರವಾದರೋ ಇಷ್ಟೇ, ನಾಳೆ ನೆಗೆದು ಇಳಿಯುವಾಗ ಕಾಲಿನ ಕಡೆಗೆ ನೋಡಬೇಕಾಗದಿರಲಿ ಎಂಬುದು.