ಹಿಗೊನೊಕಾಮಿ: ಪೆನ್ಸಿಲ್ ಚೂಪು ಮಾಡೋ ಚಾಕು ಶಾಲೆಯಿಂದ ಹೊರಬಿದ್ದ ಕಥೆ

ಇವತ್ತಿನ ಎಪಿಸೋಡು ಒಂದು ಚಾಕುವಿನ ಬಗ್ಗೆ. ಯುದ್ಧದ ಕತ್ತಿ ಅಲ್ಲ, ಸಿನಿಮಾದಲ್ಲಿ ವಿಲನ್ ‘ಟಕ್’ ಅಂತ ಬಿಚ್ಚೋ ಚಾಕುವೂ ಅಲ್ಲ. ಜಪಾನಿನ ಮಕ್ಕಳು ಜೇಬಲ್ಲಿಟ್ಟುಕೊಂಡು ಸ್ಕೂಲಿಗೆ ಹೋಗ್ತಿದ್ದ, ಪೆನ್ಸಿಲ್ ಚೂಪು ಮಾಡೋಕೆ ಬಳಸ್ತಿದ್ದ ಮಡಚೋ ಚಾಕು. ಹೆಸರು ಹಿಗೊನೊಕಾಮಿ. ಒಂದು ಕಾಲಕ್ಕೆ ಹತ್ತಾರು ಕಮ್ಮಾರ ಮನೆಗಳು ಇದನ್ನ ಮಾಡಿ ಬದುಕ್ತಿದ್ದವು. ಇವತ್ತು ಆ ಹೆಸರು ಹಾಕೋ ಹಕ್ಕಿರೋ ಕಾರ್ಖಾನೆ ಉಳಿದಿರೋದು ಒಂದೇ. ಮಧ್ಯೆ ಏನಾಯ್ತು ಅಂತ ನೋಡೋಣ.

ಮೊದಲು ಊರು. ಜಪಾನಿನ ಹ್ಯೋಗೊ ಪ್ರಾಂತ್ಯದಲ್ಲಿ, ಕೋಬೆ ನಗರದ ಪಕ್ಕದಲ್ಲಿ ಮಿಕಿ ಅಂತ ಒಂದು ಪಟ್ಟಣ ಇದೆ. 1578ರಿಂದ 1580ರವರೆಗೆ ಹಿದೆಯೋಶಿ ಅನ್ನೋ ಸೇನಾನಾಯಕ ಇಲ್ಲಿನ ಕೋಟೆಗೆ ಮುತ್ತಿಗೆ ಹಾಕಿ ಗೆದ್ದ. ಹಾಳಾದ ಊರನ್ನ ಮತ್ತೆ ಕಟ್ಟೋಕೆ ಬಡಗಿಗಳು ಬಂದರು, ಬಡಗಿಗಳಿಗೆ ಹತ್ಯಾರು ಬೇಕಿತ್ತು, ಹಾಗಾಗಿ ಕಮ್ಮಾರರೂ ಬಂದು ನೆಲೆ ನಿಂತರು ಅಂತ ಊರಿನವರು ಹೇಳ್ತಾರೆ. ಇವತ್ತಿಗೂ ಗರಗಸ, ಉಳಿ, ಕೀಸುಳಿ ಅಂದ್ರೆ ಮಿಕಿ.

ಈಗ 1876ಕ್ಕೆ ಬರೋಣ. ಆ ವರ್ಷ ಮೇಜಿ ಸರ್ಕಾರ ಸಮುರಾಯ್‌ಗಳು ಸೊಂಟಕ್ಕೆ ಕತ್ತಿ ಕಟ್ಟಿಕೊಂಡು ಓಡಾಡೋದನ್ನ ನಿಷೇಧಿಸಿತು. ಕತ್ತಿ ಮಾಡ್ತಿದ್ದ ಎಷ್ಟೋ ಕಮ್ಮಾರರು ಅಡುಗೆ ಚಾಕು, ಕುಡುಗೋಲು, ಹತ್ಯಾರುಗಳ ಕಡೆ ತಿರುಗಬೇಕಾಯ್ತು. ಹಿಗೊನೊಕಾಮಿ ಹುಟ್ಟಿದ್ದು ಇದಾದ ಮೇಲೆ, 1890ರ ದಶಕದಲ್ಲಿ. ಮಿಕಿಯ ಒಬ್ಬ ಹಾರ್ಡ್‌ವೇರ್ ವ್ಯಾಪಾರಿ ದಕ್ಷಿಣದ ಕ್ಯೂಶು ದ್ವೀಪದಿಂದ ಒಂದು ಸಣ್ಣ ಚಾಕು ತಂದ, ಅದನ್ನ ನೋಡಿ ಊರಿನ ಕಮ್ಮಾರರು ಮಡಚೋ ಹಾಗೆ ಮಾಡಿದರು ಅನ್ನೋದು ಪ್ರಚಲಿತ ಕಥೆ. ಚೆನ್ನಾಗಿ ಮಾರಾಟ ಆಗಿದ್ದೂ ಆ ಕಡೆಯೇ. ಕ್ಯೂಶುವಿನ ಈಗಿನ ಕುಮಾಮೊಟೊ ಪ್ರದೇಶಕ್ಕೆ ಹಳೇ ಹೆಸರು ಹಿಗೊ. ‘ಹಿಗೊನೊಕಾಮಿ’ ಅಂದ್ರೆ ಹಿಗೊ ಸೀಮೆಯ ಅಧಿಪತಿ. ಪೆನ್ಸಿಲ್ ಕೆತ್ತೋ ಚಾಕುಗೆ ದೊರೆಯ ಬಿರುದು! ಬ್ರ್ಯಾಂಡಿಂಗ್ ಅಂದ್ರೆ ಇದು.

ನಾನು ಬಿ.ಕಾಂ. ಓದಿದವನು, ಹಾಗಾಗಿ ನನಗೆ ಇದರಲ್ಲಿ ಮೊದಲು ಕಾಣೋದು ಖರ್ಚು. ಒಂದು ಲೋಹದ ತಗಡನ್ನ ಉದ್ದಕ್ಕೆ ಮಡಚಿದರೆ ಹಿಡಿ. ಒಂದು ಉಕ್ಕಿನ ಅಲಗು. ಎರಡನ್ನೂ ಸೇರಿಸೋ ಒಂದು ರಿವೆಟ್. ಸ್ಪ್ರಿಂಗ್ ಇಲ್ಲ, ಲಾಕ್ ಇಲ್ಲ. ಅಲಗಿನ ಹಿಂದೆ ಒಂದು ಪುಟ್ಟ ಬಾಲ ಇರುತ್ತೆ, ಅದಕ್ಕೆ ಚಿಕಿರಿ ಅಂತಾರೆ. ಹೆಬ್ಬೆರಳಿಂದ ಅದನ್ನ ಒತ್ತಿದರೆ ಅಲಗು ಹೊರಗೆ ಬರುತ್ತೆ, ಕೆಲಸ ಮಾಡುವಾಗ ಅದೇ ಹೆಬ್ಬೆರಳು ಅಲಗು ಮಡಚಿಕೊಳ್ಳದ ಹಾಗೆ ಹಿಡಿದಿರುತ್ತೆ. ಅಂದ್ರೆ ಲಾಕ್ ಇರೋದು ಚಾಕುವಿನಲ್ಲಲ್ಲ, ನಿಮ್ಮ ಕೈಯಲ್ಲಿ. ಗಮನ ತಪ್ಪಿದರೆ ಬೆರಳು ಕೊಯ್ಯುತ್ತೆ. ಇಷ್ಟು ಸರಳ ಇದ್ದಿದ್ದಕ್ಕೇ ಅಗ್ಗ, ಅಗ್ಗ ಇದ್ದಿದ್ದಕ್ಕೇ ಮಕ್ಕಳ ಜೇಬಿಗೂ ಬಂತು. ಪೆನ್ಸಿಲ್ ಚೂಪು ಮಾಡೋದು, ಬಿದಿರು ಸೀಳಿ ಆಟಿಕೆ ಮಾಡೋದು, ಹಣ್ಣು ಹೆಚ್ಚೋದು, ಎಲ್ಲಕ್ಕೂ ಅದೇ.

ನನ್ನ ಹತ್ರ ಇರೋದು ಹಿತ್ತಾಳೆ ಹಿಡಿಯದ್ದು. ಇಂಥ ಚಾಕು ಇಟ್ಟುಕೊಳ್ಳೋದು ಅಂದ್ರೆ ಅದನ್ನ ನಿಧಾನಕ್ಕೆ ನಮ್ಮದು ಮಾಡಿಕೊಳ್ಳೋದು. ಹೊಸದರಲ್ಲಿ ಚಿನ್ನದ ಹಾಗೆ ಹೊಳೀತಿದ್ದ ಹಿಡಿ ಈಗ ತಿಂಗಳುಗಟ್ಟಲೆ ತೊಳೆಯದ ದೀಪದ ಬಣ್ಣಕ್ಕೆ ತಿರುಗಿದೆ. ಹುಣಸೆಹಣ್ಣು ಹಾಕಿ ಉಜ್ಜಿದರೆ ಮತ್ತೆ ಹೊಳೆಯುತ್ತೆ, ಆದ್ರೆ ನನಗೆ ಈ ಬಣ್ಣವೇ ಇಷ್ಟ. ಅಲಗು ಸ್ಟೇನ್‌ಲೆಸ್ ಅಲ್ಲ, ನಿಂಬೆಹಣ್ಣು, ಸೇಬು ಕೊಯ್ದಾಗೆಲ್ಲ ನೀಲಿ-ಬೂದು ಬಣ್ಣದ ಕಲೆ ಕೂರುತ್ತೆ. ಆ ತೆಳು ಪದರ ಕೆಂಪು ತುಕ್ಕನ್ನ ಸ್ವಲ್ಪ ಮಟ್ಟಿಗೆ ತಡೆಯುತ್ತೆ ಕೂಡ. ಆದರೂ ಬಳಸಿದ ಮೇಲೆ ಒರೆಸಿ, ಒಂದು ಹನಿ ಎಣ್ಣೆ ಸವರಬೇಕು. ರಿವೆಟ್ ಸಡಿಲ ಆದ್ರೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಬೇಕು, ಜಾಸ್ತಿ ತಟ್ಟಿದ್ರೆ ಅಲಗು ಅಲ್ಲಾಡೋದೇ ಇಲ್ಲ. ಕೆಲವರು ಹಿಡಿಯ ಮೇಲೆ ತಮ್ಮ ಹೆಸರಿನ ಅಕ್ಷರ ಕೊರೆಸ್ತಾರೆ, ಕೆಲವರು ದಾರದ ಹೆಣಿಗೆ ಕಟ್ಟುತ್ತಾರೆ. ಸಾಣೆ ಹಿಡಿಯೋದಂತೂ ಮಾಲೀಕನ ಕೆಲಸವೇ. ಎರಡು ಹಿಗೊನೊಕಾಮಿ ಕೆಲವು ವರ್ಷ ಆದ ಮೇಲೆ ಒಂದೇ ಥರ ಇರಲ್ಲ.

ಸರಿ, ಇಂಥದ್ದು ಶಾಲೆಯಿಂದ ಯಾಕೆ ಹೊರಗೆ ಹೋಯ್ತು?

12 ಅಕ್ಟೋಬರ್ 1960. ಟೋಕಿಯೊದ ಹಿಬಿಯಾ ಸಾರ್ವಜನಿಕ ಸಭಾಂಗಣ. ಜಪಾನ್ ಸಮಾಜವಾದಿ ಪಕ್ಷದ ಅಧ್ಯಕ್ಷ ಇನೆಜಿರೊ ಅಸಾನುಮಾ ವೇದಿಕೆ ಮೇಲೆ ಭಾಷಣ ಮಾಡ್ತಿದ್ರು. 17 ವರ್ಷದ, ಬಲಪಂಥೀಯ ಹುಡುಗ ಒಟೊಯಾ ಯಾಮಾಗುಚಿ ಓಡಿಬಂದು ಅವರನ್ನ ಇರಿದು ಕೊಂದ. ಟಿವಿ ಕ್ಯಾಮೆರಾಗಳು ಅಲ್ಲೇ ಇದ್ದವು, ಇಡೀ ದೇಶ ಆ ದೃಶ್ಯ ನೋಡಿತು. ಆ ಕ್ಷಣದ ಫೋಟೋಗೆ ಮುಂದಿನ ವರ್ಷ ಪುಲಿಟ್ಜರ್ ಪ್ರಶಸ್ತಿ ಕೂಡ ಬಂತು.

ಅವನ ಕೈಯಲ್ಲಿ ಇದ್ದದ್ದು ಗಿಡ್ಡ ಕತ್ತಿ. ಹಿಗೊನೊಕಾಮಿ ಅಲ್ಲ. ಆದ್ರೆ ಕೊಂದವನು ಇನ್ನೂ ಹದಿಹರೆಯದ ಹುಡುಗ ಅನ್ನೋದು ಜನರ ತಲೆಯಲ್ಲಿ ಕೂತುಬಿಡ್ತು. ‘ಮಕ್ಕಳ ಕೈಗೆ ಹರಿತವಾದದ್ದು ಕೊಡಬೇಡಿ’ ಅನ್ನೋ ಚಳವಳಿ ದೇಶದ ಉದ್ದಗಲಕ್ಕೂ ಹಬ್ಬಿತು. ಪೆನ್ಸಿಲ್ ಡಬ್ಬಿಯಲ್ಲಿದ್ದ ಚಾಕು ಒಂದೇ ಸಲಕ್ಕೆ ಅಪಾಯದ ವಸ್ತು ಆಯ್ತು.

ಬರೀ ಭಯದಿಂದ ಮಾರುಕಟ್ಟೆ ಬೀಳಲಿಲ್ಲ, ಅದನ್ನೂ ಹೇಳಬೇಕು. ಅದೇ ಹೊತ್ತಿಗೆ ಪೆನ್ಸಿಲ್ ಶಾರ್ಪನರ್‌ಗಳು, ಅಂದ್ರೆ ನಾವು ಮೆಂಡರ್ ಅಂತೀವಲ್ಲ ಅವು, ಮನೆಮನೆಗೆ ಬರ್ತಿದ್ದವು. 1956ರಲ್ಲಿ ಒಸಾಕಾದ ಯೋಶಿಯೊ ಒಕಾದಾ ಮೊಂಡಾದ ತುದಿ ಮುರಿದು ಎಸೆಯೋ ಅಲಗು ಕಂಡುಹಿಡಿದಿದ್ದರು. ಚಾಕೊಲೇಟ್ ಬಾರ್ ತುಂಡು ತುಂಡಾಗಿ ಮುರಿಯೋದೇ ಅದಕ್ಕೆ ಸ್ಫೂರ್ತಿ. ಓಲ್ಫಾ ಅನ್ನೋ ಬ್ರ್ಯಾಂಡಿನ ಹೆಸರಿಗೆ ಮೂಲ ‘ಮುರಿಯೋ ಅಲಗು’ ಅನ್ನೋ ಜಪಾನಿ ಮಾತೇ. ನಮ್ಮೂರಿನ ಸ್ಟೇಷನರಿ ಅಂಗಡಿಯಲ್ಲಿ ಸಿಗೋ ಕಟರ್ ಇದರ ವಂಶದ್ದೇ. ಸಾಣೆ ಹಿಡಿಯೋ ಗೋಜೇ ಇಲ್ಲ, ಮೊಂಡಾಯ್ತಾ, ಮುರಿ, ಬಿಸಾಡು.

ಹೀಗೆ ಒಂದು ಕಡೆ ಭಯ, ಇನ್ನೊಂದು ಕಡೆ ಅನುಕೂಲ. ನಡುವೆ ಸಿಕ್ಕಿಬಿದ್ದಿದ್ದು ಮಿಕಿಯ ಕಮ್ಮಾರರು. ‘ಹಿಗೊನೊಕಾಮಿ’ ಅನ್ನೋದು ಅಲ್ಲಿನ ಚಾಕು ತಯಾರಕರ ಸಂಘದ ಟ್ರೇಡ್‌ಮಾರ್ಕ್. ಸದಸ್ಯರು ಮಾತ್ರ ಆ ಹೆಸರು ಹಾಕಬಹುದು. ಒಬ್ಬೊಬ್ಬರಾಗಿ ಕುಲುಮೆ ಮುಚ್ಚುತ್ತಾ ಬಂದರು. ಕೊನೆಗೆ ಉಳಿದದ್ದು ನಾಗಾವೊ ಕಾನೆಕೊಮಾ ಕಾರ್ಖಾನೆ ಒಂದೇ. ಬೇರೆಯವರು ಅದೇ ಆಕಾರದ ಚಾಕು ಮಾಡಬಹುದು, ಆ ಹೆಸರು ಹಾಕೋಹಾಗಿಲ್ಲ. ಪ್ರತಿಸ್ಪರ್ಧಿಗಳೆಲ್ಲ ಹೋಗಿ ಸಿಕ್ಕ ಏಕಸ್ವಾಮ್ಯ ಇದು. ಯಾವ ವ್ಯಾಪಾರಿಯೂ ಹೀಗೆ ಗೆಲ್ಲೋಕೆ ಇಷ್ಟಪಡಲ್ಲ.

ಕಾನೂನಿನ ಮಾತೂ ಆಗಲಿ. ಜಪಾನಿನಲ್ಲಿ ಸಾಮಾನ್ಯವಾಗಿ 6 ಸೆಂಟಿಮೀಟರ್‌ಗಿಂತ ಉದ್ದದ ಅಲಗನ್ನ ಸರಿಯಾದ ಕಾರಣ ಇಲ್ಲದೆ ಹೊರಗೆ ಒಯ್ಯೋದು ಅಪರಾಧ. ಲಾಕ್ ಇಲ್ಲದ ಸಣ್ಣ ಮಡಚೋ ಚಾಕುಗೆ ಸ್ವಲ್ಪ ವಿನಾಯಿತಿ ಇದೆ, ಆದ್ರೆ ಕಾರಣ ಇಲ್ಲದೆ ಬಚ್ಚಿಟ್ಟುಕೊಂಡು ಓಡಾಡಿದರೆ ಬೇರೆ ಕಾನೂನು ಹಿಡಿಯುತ್ತೆ. ನಮ್ಮಲ್ಲಿ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ, ಮನೆ-ಹೊಲದ ಕೆಲಸದ ಹತ್ಯಾರು ಬಿಟ್ಟರೆ, 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗು ಆಯುಧದ ಪಟ್ಟಿಗೆ ಸೇರುತ್ತೆ. ಚಿಕ್ಕದು ಅಂತ ವಿಮಾನದ ಕ್ಯಾಬಿನ್ ಬ್ಯಾಗಿಗೆ ಹಾಕಬೇಡಿ, ತೆಗೆದಿಟ್ಟುಕೊಳ್ತಾರೆ. ನಿಯಮ ಬೇಕು, ಅದರಲ್ಲಿ ಎರಡು ಮಾತಿಲ್ಲ.

ನಾನು ಕೇಳ್ತಿರೋದು ಬೇರೆ. ಚಾಕು ಕಿತ್ತುಕೊಂಡಾಗ ಅದರ ಜೊತೆ ಏನು ಹೋಯ್ತು? ಹೆಬ್ಬೆರಳೇ ಲಾಕ್ ಆಗಿರೋ ಚಾಕು ಹಿಡಿದ ಮಗು ಕಲಿತಿದ್ದು ಪೆನ್ಸಿಲ್ ಕೆತ್ತೋದು ಮಾತ್ರ ಅಲ್ಲ. ಎಷ್ಟು ಒತ್ತಬೇಕು, ಯಾವ ಕಡೆಗೆ ಎಳೆಯಬೇಕು, ಬೇರೆಯವರ ಕೈಗೆ ಹೇಗೆ ಕೊಡಬೇಕು ಅನ್ನೋದನ್ನೂ ಕಲೀತಿತ್ತು. ‘ಕೊಡಬೇಡಿ’ ಅನ್ನೋದು ಸುಲಭದ ಉತ್ತರ. ‘ಕೊಟ್ಟು ಕಲಿಸಿ’ ಅನ್ನೋದಕ್ಕೆ ಪಕ್ಕದಲ್ಲಿ ಕೂರೋ ಒಬ್ಬ ದೊಡ್ಡವರು ಬೇಕು.

ಹಾಗೆ ಕೂರೋರು ಇದಾರೆ. ನಗಾನೊ ಪ್ರಾಂತ್ಯದ ಇಕೆದಾ ಅನ್ನೋ ಊರಿನ ಒಂದು ಪ್ರಾಥಮಿಕ ಶಾಲೆ, 1980ರ ದಶಕದಿಂದ, ಸೇರೋ ಮಕ್ಕಳಿಗೆ ಹಿಗೊನೊಕಾಮಿ ಕೊಡ್ತಾ ಬಂದಿದೆ. ಮಕ್ಕಳು ಅದರಲ್ಲೇ ಪೆನ್ಸಿಲ್ ಚೂಪು ಮಾಡ್ತಾರೆ, ಸಾಣೆ ಹಿಡಿಯೋದನ್ನೂ ಕಲೀತಾರೆ.

ನಿಮ್ಮ ಮನೇಲಿ ನಿಮಗೆ ಮೊದಲ ಸಲ ಚಾಕು ಹಿಡಿಯೋದನ್ನ ಯಾರು ಕಲಿಸಿದ್ರು? ಎಷ್ಟನೇ ವಯಸ್ಸಲ್ಲಿ? ವಾಯ್ಸ್ ನೋಟ್ ಕಳಿಸಿ, ಮುಂದಿನ ಎಪಿಸೋಡಿನಲ್ಲಿ ಕೇಳಿಸ್ತೀನಿ. ಸಿಗೋಣ.