ಎರಡು ಮಹಾಯುದ್ಧಗಳ ಸಿಪಾಯಿ: ಧಾರವಾಡ ಸೀಮೆ

ಬ್ರಿಟಿಷ್ ಭಾರತದ ಸೈನ್ಯದಲ್ಲಿ 1914–18 ಮತ್ತು 1939–45ರ ಎರಡೂ ಯುದ್ಧಗಳನ್ನು ಕಂಡ, ಹುಬ್ಬಳ್ಳಿ-ಧಾರವಾಡ ಸುತ್ತಿನ ಸಾಮಾನ್ಯ ಸೈನಿಕನ ಮಾತು ಇದು. ಮೈಸೂರಿನ ಕುದುರೆ ಪಡೆಗೆ 1918ರ ಸೆಪ್ಟೆಂಬರ್ 23ರ ಹೈಫಾ ಗೆಲುವಿನ ಹೆಸರಿದೆ, ದೆಹಲಿಯ ತೀನ್ ಮೂರ್ತಿಯಲ್ಲಿ ಸ್ಮಾರಕವಿದೆ. ಆದರೆ ಧಾರವಾಡ ಜಿಲ್ಲೆ ಆಗ ಮೈಸೂರಿನಲ್ಲಲ್ಲ, ಮುಂಬಯಿ ಇಲಾಖೆಯಲ್ಲಿತ್ತು. ಇಲ್ಲಿಯವರಿಗೆ ಹತ್ತಿರದ ದಂಡೆಂದರೆ ಮರಾಠಾ ಪಲ್ಟಣಗಳು. ಅವುಗಳಲ್ಲಿ ಮರಾಠರೂ ದಖನಿ ಮುಸಲ್ಮಾನರೂ ಭರ್ತಿಯಾಗುತ್ತಿದ್ದರು. ಮನೆಮಾತು ಯಾವುದೇ ಇರಲಿ, ಈ ಸೀಮೆಯಿಂದ ಹೋದವನ ಊರಮಾತು ಕನ್ನಡ. ಪಲ್ಟಣದ ಹೆಸರಿನ ಮರೆಯಲ್ಲಿ ಅವನು ಕನ್ನಡನಾಡಿನ ನೆನಪಿನಿಂದಲೇ ಜಾರಿಹೋಗಿದ್ದಾನೆ.

1914ರಲ್ಲಿ ಸಿಪಾಯಿಯ ಸಂಬಳ ತಿಂಗಳಿಗೆ 11 ರೂಪಾಯಿ. ಆ ವರ್ಷದ ನವೆಂಬರಿನಲ್ಲಿ ಈಗಿನ ಇರಾಕಿನ ತೀರದಲ್ಲಿ ಇಳಿದ 6ನೇ ಪುಣೆ ಡಿವಿಜನ್ನಿನಲ್ಲಿ 103, 110 ಮತ್ತು 117ನೇ ಮರಾಠಾ ಪಲ್ಟಣಗಳಿದ್ದವು. ಟೈಗ್ರಿಸ್ ನದಿಗುಂಟ ಬಾಗ್ದಾದಿನತ್ತ ಸಾಗಿದ ಆ ದಂಡು ಹಿಮ್ಮೆಟ್ಟಿ, ಕೂತ್ ಪಟ್ಟಣದಲ್ಲಿ ತುರ್ಕರ ಮುತ್ತಿಗೆಗೆ ಸಿಕ್ಕಿತು. ಹಿಟ್ಟು ತೀರುತ್ತ ಬಂದಾಗ ಕುದುರೆ ಮಾಂಸ ಹಂಚಿದರು. ಭಾರತೀಯ ಸಿಪಾಯಿಗಳಲ್ಲಿ ಬಹುಪಾಲು ಜನ ಅದನ್ನು ಬಹುಕಾಲ ಮುಟ್ಟಲಿಲ್ಲ. ಹಸಿವಿಗಿಂತ ಊರಿನ ಪಂಕ್ತಿಯ ಅಂಜಿಕೆ ದೊಡ್ಡದಾಗಿತ್ತು. 1916ರ ಏಪ್ರಿಲ್ 29ರಂದು ಸುಮಾರು 13,000 ಜನ ಶರಣಾದರು. ಸೆರೆಯ ದಾರಿಯಲ್ಲಿ ಸತ್ತವರು ಸಾವಿರಾರು.

1922ರಲ್ಲಿ ಈ ಪಲ್ಟಣಗಳೆಲ್ಲ 5ನೇ ಮರಾಠಾ ಲೈಟ್ ಇನ್‌ಫಂಟ್ರಿ ಎಂಬ ಒಂದೇ ರೆಜಿಮೆಂಟ್ ಆದವು. ತರಬೇತಿ ಕೇಂದ್ರ ಬೆಳಗಾವಿಗೆ ಬಂತು, ಇಂದಿಗೂ ಅಲ್ಲಿಯೇ ಇದೆ. ಕೂತ್‌ನಲ್ಲಿ ಸೆರೆಯಾಗಿ, ಮತ್ತೆ ಕಟ್ಟಲ್ಪಟ್ಟ 110ನೇ ಪಲ್ಟಣ ಅದರ 3ನೇ ಬೆಟಾಲಿಯನ್ ಆಯಿತು.

1917ರಲ್ಲಿ ಹದಿನೆಂಟರ ಹುಡುಗನಾಗಿ ಸೇರಿದವನಿಗೆ 1939ರಲ್ಲಿ ನಲವತ್ತು. ಅಷ್ಟು ಕಾಲ ಉಳಿದವನು ಹವಾಲ್ದಾರನೋ ಜಮಾದಾರನೋ ಸುಬೇದಾರನೋ ಆಗಿರುತ್ತಿದ್ದ. ಪಿಂಚಣಿ ಪಡೆದು ಹೊಲಕ್ಕೆ ಮರಳಿದ್ದ ಎಷ್ಟೋ ಜನರನ್ನು ಮತ್ತೆ ಕರೆಸಿ ಕಾವಲು ಬೆಟಾಲಿಯನ್ನುಗಳಿಗೆ ಹಾಕಿದರು. 1941ರ ಏಪ್ರಿಲ್‌ನಲ್ಲಿ ಭಾರತದ ದಂಡು ಪುನಃ ಇರಾಕಿಗೆ ಬಂದು ಬಸ್ರಾದಲ್ಲಿ ಇಳಿಯಿತು. ಅದಕ್ಕೂ ಮುಂಚೆ, ಮಾರ್ಚ್‌ನಲ್ಲಿ, ಆ 3ನೇ ಬೆಟಾಲಿಯನ್ ಎರಿಟ್ರಿಯಾದ ಕೆರೆನ್ ಗುಡ್ಡಗಳಲ್ಲಿ ಇಟಲಿಯವರ ಎದುರು ಕಾದಿತ್ತು. 1944ರಲ್ಲಿ ಇಟಲಿಯ ನೆಲದಲ್ಲೇ ಮಡಿದ ಆ ಬೆಟಾಲಿಯನ್ನಿನ ನಾಯಕ್ ಯಶವಂತ ಘಾಡ್ಗೆಗೆ ವಿಕ್ಟೋರಿಯಾ ಕ್ರಾಸ್ ಬಂತು.

ಹೆಸರು ಉಳಿಯಲು ಅಂಥ ಪದಕವೇ ಬೇಕಾಯಿತು ಎಂಬುದು ನೋವಿನ ಮಾತು. ಧಾರವಾಡ ಸೀಮೆಯಲ್ಲಿ ದನ ಕಾಯ್ದು ಸತ್ತವನಿಗೂ ವೀರಗಲ್ಲು ನಿಲ್ಲಿಸಿ ಹೆಸರು ಕೆತ್ತುವ ರೂಢಿಯಿತ್ತು. ಆದರೆ ಮೊದಲ ಯುದ್ಧದ ಇರಾಕ್ ರಣರಂಗದಲ್ಲಿ ಸತ್ತು ಗೋರಿ ಸಿಗದ 40,000ಕ್ಕೂ ಹೆಚ್ಚು ಜನರಿಗಾಗಿ ಕಟ್ಟಿದ ಬಸ್ರಾ ಸ್ಮಾರಕದ ಗೋಡೆಯಲ್ಲಿ ಭಾರತೀಯ ಅಧಿಕಾರಿಗಳಿಗೆ ಹೆಸರಿದೆ, ಸಿಪಾಯಿಗಳಿಗೆ ಪಲ್ಟಣವಾರು ಲೆಕ್ಕ ಮಾತ್ರ. ಇದು ಅನ್ಯಾಯವೆಂದು ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗ ಒಪ್ಪಿ ಕ್ಷಮೆ ಕೇಳಿದ್ದು 2021ರಲ್ಲಿ.

ಸಿಪಾಯಿಯ ಹೆಸರು ಲೋಹದಲ್ಲಿ ಉಳಿದಿರುವುದು ಇನ್ನೊಂದು ಕಡೆ. ಮೊದಲ ಯುದ್ಧದ ಬೆಳ್ಳಿ ಪದಕದ ಅಂಚಿನಲ್ಲಿ ಅವನ ನಂಬರು, ಹುದ್ದೆ, ಹೆಸರು, ಪಲ್ಟಣ ಸಣ್ಣ ಅಕ್ಷರಗಳಲ್ಲಿವೆ. ಅಂಥದೊಂದು ನಿಮ್ಮ ಮನೆಯ ಪೆಟ್ಟಿಗೆಯಲ್ಲಿದ್ದರೆ, ಅಕ್ಕಸಾಲಿಗರ ಕೈಗೆ ಕೊಡುವ ಮುನ್ನ ಅಂಚನ್ನು ಓದಿ, ಬರೆದಿಡಿ.