ಗೌಡಿಕೆ ಹೋಗಿ ಗೌಡ ಉಳಿದದ್ದು

ವಿಶ್ವೇಶ್ವರಪುರಂನ ಕೃಷ್ಣರಾಜೇಂದ್ರ ರಸ್ತೆಯಲ್ಲಿ ರಾಜ್ಯ ಒಕ್ಕಲಿಗರ ಸಂಘವಿದೆ. ಅದು ಹುಟ್ಟಿದ್ದು 1906ರಲ್ಲಿ. ಅದರ ಇಂಜಿನಿಯರಿಂಗ್ ಕಾಲೇಜೂ ಕೆಂಪೇಗೌಡರ ಹೆಸರಿನ ಆಸ್ಪತ್ರೆಯೂ ಇದೇ ಬಡಾವಣೆಯಲ್ಲಿವೆ. ಬೆಂಗಳೂರಿನವರಿಗೆ ಗೌಡ ಎಂದರೆ ಒಕ್ಕಲಿಗ. ಆದರೆ ಈ ಹೆಸರಿನ ಹರವು ಒಂದು ಜಾತಿಗಿಂತ ಬಹಳ ದೊಡ್ಡದು.

ಗೌಡ ಎಂಬುದರ ಹಳೆಯ ರೂಪ ಗಾಮುಂಡ, ಗಾವುಂಡ; ಹಳೆಯ ಶಾಸನಗಳಲ್ಲಿ ಅದು ಒಂದು ಹುದ್ದೆ. ಊರಿನ ತೆರಿಗೆ ಎತ್ತುವವನು, ವ್ಯಾಜ್ಯ ತೀರಿಸುವವನು, ತುರು ಕದ್ದವರ ಬೆನ್ನಟ್ಟುವವನು ಅವನೇ. ಹಾಗೆ ಕಾದಿ ಸತ್ತ ಗಾವುಂಡರ ವೀರಗಲ್ಲುಗಳು ನಾಡಿನ ಉದ್ದಕ್ಕೂ ಇವೆ. ಈ ಅಧಿಕಾರ ಗಂಡಸರಿಗಷ್ಟೇ ಮೀಸಲಾಗಿರಲಿಲ್ಲ. ಹತ್ತನೆಯ ಶತಮಾನದ ಆದಿಯಲ್ಲಿ, ರಾಷ್ಟ್ರಕೂಟರ ಕಾಲದಲ್ಲಿ, ನಾಗರಖಂಡ ಎಪ್ಪತ್ತು ಎಂಬ ನಾಡಿಗೆ ನಾಳ್ಗಾವುಂಡನಾಗಿದ್ದ ಗಂಡ ತೀರಿಕೊಂಡಾಗ ಆ ಜವಾಬ್ದಾರಿ ಹೊತ್ತವಳು ಜಕ್ಕಿಯಬ್ಬೆ. ಅವಳ ಆಡಳಿತದ ದಕ್ಷತೆಯನ್ನು ಶಿಕಾರಿಪುರ ತಾಲ್ಲೂಕಿನ ಬಂದಳಿಕೆಯ ಶಾಸನ ಮನಸಾರೆ ಹೊಗಳಿದೆ.

ಹುದ್ದೆ ವಂಶಪಾರಂಪರ್ಯವಾದಂತೆ ಹೆಸರಿಗೂ ಅಂಟಿಕೊಂಡಿತು. 1537ರಲ್ಲಿ ಬೆಂಗಳೂರು ಕಟ್ಟಿದ ಕೆಂಪೇಗೌಡನ ತಂದೆ ಕೆಂಪನಂಜೇಗೌಡ. ಇಲ್ಲಿ ಗೌಡ ಎಂಬುದು ಇಟ್ಟ ಹೆಸರಿನೊಳಗೇ ಬೆರೆತಿದೆ. ಮನೆತನದ ಹೆಸರಾಗಿ ಪಕ್ಕದಲ್ಲಿ ನಿಂತಿಲ್ಲ. ಹಳೆಯ ಮೈಸೂರಿನ ಕ್ರಮವೇ ಹಾಗೆ: ಮೊದಲು ಊರು, ಆಮೇಲೆ ತಂದೆ, ಕೊನೆಗೆ ತನ್ನ ಹೆಸರು. ಹರದನಹಳ್ಳಿ ದೊಡ್ಡೇಗೌಡರ ಮಗ ಎಚ್.ಡಿ. ದೇವೇಗೌಡ, ಅವರ ಮಗ ಬರೀ ಕುಮಾರಸ್ವಾಮಿ. ಕುಪ್ಪಳಿಯ ವೆಂಕಟಪ್ಪಗೌಡರ ಮಗ ಪುಟ್ಟಪ್ಪ, ನಮ್ಮ ಕುವೆಂಪು. ಕುವೆಂಪು ಅವರ ಮಗ ಪೂರ್ಣಚಂದ್ರ ತೇಜಸ್ವಿ. ಮುಖ್ಯಮಂತ್ರಿಗಳಾದ ಕೆಂಗಲ್ ಹನುಮಂತಯ್ಯ, ಕಡಿದಾಳ್ ಮಂಜಪ್ಪ, ಎಸ್.ಎಂ. ಕೃಷ್ಣ ಒಕ್ಕಲಿಗರೇ ಆದರೂ ಅವರ ಹೆಸರಲ್ಲಿ ಗೌಡ ಕಾಣುವುದಿಲ್ಲ.

ಮಂಡ್ಯ, ಹಾಸನ, ತುಮಕೂರು, ಬೆಂಗಳೂರಿನ ಸುತ್ತ ಈ ಹೆಸರು ದಟ್ಟ. ಸುಳ್ಯ, ಮಡಿಕೇರಿ ಕಡೆ ಅರೆಭಾಷೆ ಗೌಡರಿದ್ದಾರೆ. 1837ರಲ್ಲಿ ಕಂಪನಿ ಸರ್ಕಾರದ ವಿರುದ್ಧ ಎದ್ದ ಕೆದಂಬಾಡಿ ರಾಮಯ್ಯಗೌಡ ಅವರಲ್ಲೊಬ್ಬ. ಉತ್ತರ ಕನ್ನಡದ ಹಾಲಕ್ಕಿಗಳಲ್ಲಿ ಹೆಂಗಸರಿಗೂ ಅದೇ ಹೆಸರು. ಪದ್ಮಶ್ರೀ ಪಡೆದ ತುಳಸಿ ಗೌಡ, ಸುಕ್ರಿ ಬೊಮ್ಮಗೌಡ ಅವರನ್ನು ನಾಡೇ ಬಲ್ಲದು. ಉತ್ತರ ಕರ್ನಾಟಕದಲ್ಲಿ ಲಿಂಗಾಯತರಲ್ಲಿ ಶಿವನಗೌಡ, ಬಸನಗೌಡರು ಬಹಳ; ಬಸನಗೌಡ ಪಾಟೀಲ ಎಂದರೆ ಊರ ಯಜಮಾನಿಕೆಯೇ ಎರಡು ಬಾರಿ ಬಂದಂತಾಯಿತು. ಕುರುಬರಲ್ಲೂ ಗೌಡರಿದ್ದಾರೆ. ಕೊಂಗುನಾಡಿನ ಗೌಂಡರ್ ಕೂಡ ಇದೇ ಬಳಗದ ಹೆಸರು.

1961ರ ಗ್ರಾಮಾಧಿಕಾರಗಳ ರದ್ದತಿ ಕಾಯ್ದೆ ವಂಶಪಾರಂಪರ್ಯ ಪಟೇಲಿಕೆ ಅಂದರೆ ಗೌಡಿಕೆ, ಶಾನುಭೋಗಿಕೆಗಳನ್ನು ಕೊನೆಗಾಣಿಸಿತು. ಅಧಿಕಾರ ಹೋದ ಮೇಲೆ ಹೆಸರು ಇನ್ನಷ್ಟು ಬೆಳೆದದ್ದು ಬೆರಗಿನ ಸಂಗತಿ. ಒಂದು ಮನೆಯನ್ನೇ ನೋಡಿ: ಅಜ್ಜಿಯ ಹೆಸರು ಬರೀ ನಿಂಗಮ್ಮ, ಊರವರ ಬಾಯಲ್ಲಷ್ಟೇ ಗೌಡ್ತಿ. ಶಾಲೆಯ ದಾಖಲೆಯಲ್ಲೂ ಪಾಸ್‌ಪೋರ್ಟಿನಲ್ಲೂ ಮೊಮ್ಮಗಳ ಹೆಸರಿನ ಮುಂದೆ ಗೌಡ ಬಂದು ಕೂತಿದೆ. ಈಗ ಅದು ನಿಜವಾಗಿಯೂ ಕುಟುಂಬನಾಮ.

ಈ ಚರಿತ್ರೆಗೆ ಮೂಲ ಆಧಾರ ಕಲ್ಲುಗಳು. ಬಿ.ಎಲ್. ರೈಸ್ 1905ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ 9ನೇ ಸಂಪುಟದಲ್ಲಿ ಬೆಂಗಳೂರು ಜಿಲ್ಲೆಯ ಶಾಸನಗಳನ್ನು ಅಚ್ಚುಮಾಡಿದರು. ಅಂದು ಹೊಲ, ಕೆರೆದಂಡೆಗಳಲ್ಲಿದ್ದ ಅನೇಕ ಕಲ್ಲುಗಳು ಬಡಾವಣೆಗಳ ಬುನಾದಿಗೆ ಸೇರಿಹೋಗಿವೆ. ನಿಮ್ಮೂರಿನಲ್ಲಿ ಅಕ್ಷರವಿರುವ ಕಲ್ಲೊಂದು ಉಳಿದಿದ್ದರೆ, ಜೆಸಿಬಿ ಬರುವ ಮುನ್ನ ಪುರಾತತ್ವ ಇಲಾಖೆಗೆ ತಿಳಿಸಿ.